ರೆಸಾರ್ಟಿನ ಹಿಂಬಾಗಿಲು

ನನ್ನ ಗಂಡ ಟ್ರೆವರನನ್ನು ಮಣ್ಣು ಮಾಡಿದ ಮರುದಿನ ಬೆಳಿಗ್ಗೆ ನಮ್ಮ ಊಟದ ಕೋಣೆಯ ಎಲ್ಲ ಮೇಜುಗಳೂ ತುಂಬಿದ್ದವು. ನಾನು ಬೇಕನ್ ಹುರಿದೆ, ಬ್ರೆಡ್ಡು ಸುಟ್ಟೆ, ಮೊಟ್ಟೆ ಒಡೆದು ಬಾಣಲೆಗೆ ಹಾಕಿದೆ. ಒಂದು ಮೊಟ್ಟೆಯ ಹಳದಿ ಒಡೆದು ಹರಡಿಕೊಂಡಿತು. ಒಡೆದದ್ದನ್ನು ಅತಿಥಿಗಳಿಗೆ ಕೊಡುವ ಹಾಗಿಲ್ಲ. ಅದನ್ನು ಟ್ರೆವರನ ತಟ್ಟೆಗೆ ಹಾಕಿ ಪಕ್ಕಕ್ಕಿಡುವುದು ರೂಢಿ. ಪಕ್ಕಕ್ಕಿಟ್ಟೆ. ಇಟ್ಟ ಮೇಲೆ ಅದನ್ನೇ ನೋಡುತ್ತ ನಿಂತೆ.

"ಕೊಡು ಇಲ್ಲಿ," ಎಂದರು ಅತ್ತೆ.

ತಟ್ಟೆ ತೆಗೆದುಕೊಂಡು ಒಲೆಯ ಪಕ್ಕ ನಿಂತೇ ತಿಂದರು. ಬೇಗ ಬೇಗ ತಿಂದರು. ಬಾಯಿ ಒರೆಸಿಕೊಂಡು, "ಕಿಟಕಿ ಮೇಜು ಕಾಯ್ತಾ ಇದೆ. ಮುಖ ಸ್ವಲ್ಪ ಸರಿ ಮಾಡ್ಕೋ," ಎಂದರು.

ಹಿಂದಿನ ದಿನ ನಾನು ತೊಟ್ಟಿದ್ದ ಕಪ್ಪು ಉಡುಪನ್ನು ಅತ್ತೆ ಮಧ್ಯಾಹ್ನದೊಳಗೆ ಮಡಿಸಿ ಪೆಟ್ಟಿಗೆಗೆ ಹಾಕಿದ್ದರು. ಈಗ ನನ್ನ ಮೈಮೇಲಿದ್ದದ್ದು ಹಳದಿ ಹೂವಿನ ಏಪ್ರನ್.

ಮನೆ ಅತ್ತೆಯದು. ಅವರ ಹೆಸರು ಎಡ್ನಾ. ಹಾಗೆಂದೇ ಕರೆಯಬೇಕೆಂದು ಮದುವೆಯ ದಿನವೇ ಹೇಳಿದ್ದರು. ಅವರಿಗಿಂತ ಮುಂಚೆ ಮನೆ ಅವರ ತಾಯಿಯದಾಗಿತ್ತು. ಬೇಸಿಗೆ ಬಂತೆಂದರೆ ಮೇಲಿನ ಕೋಣೆಗಳನ್ನೆಲ್ಲ ಸಮುದ್ರಕ್ಕೆಂದು ಬರುವವರಿಗೆ ಬಿಟ್ಟುಕೊಟ್ಟು ನಾವು ಅಡುಗೆಮನೆಯ ಹಿಂದಿನ ಕೋಣೆಗಳಿಗೆ ಇಳಿಯುತ್ತೇವೆ. ಮಾರ್‌ಥಾರ್ಪಿನಲ್ಲಿ ನಮ್ಮ ಬೀದಿಯವರೆಲ್ಲ ಹೀಗೇ ಬದುಕುವುದು. ಸೆಪ್ಟೆಂಬರ್ ಮುಗಿಯುವವರೆಗೂ ಮನೆಯವರು ಯಾರೂ ಊಟದ ಕೋಣೆಯ ಕುರ್ಚಿಯ ಮೇಲೆ ಕೂರುವುದಿಲ್ಲ. ಮುಂಬಾಗಿಲಿನಿಂದ ಒಳಗೆ ಬರುವುದಿಲ್ಲ. ಮುಂಬಾಗಿಲು ಅತಿಥಿಗಳದು, ಹಿಂಬಾಗಿಲು ಊರವರದು.

ಟ್ರೆವರ್ ಹಿಂಬಾಗಿಲಿನಿಂದಲೇ ಹೋದ. ಈ ತಿಂಗಳುಗಳಲ್ಲಿ ಊರಿನಲ್ಲಿ ಯಾರು ಸತ್ತರೂ ಶವದ ಗಾಡಿ ಕಡಲದಂಡೆಯ ರಸ್ತೆಗೆ ಬರುವುದಿಲ್ಲ. ಗ್ಯಾಸ್ ಕಾರ್ಖಾನೆಯ ಹಿಂದಿನ ರಸ್ತೆ ಹಿಡಿಯುತ್ತದೆ, ಅದೂ ರಜೆಯವರೆಲ್ಲ ಮರಳಿನ ಮೇಲಿರುವ ಹೊತ್ತು ನೋಡಿ. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ. ಅವನು ಬಿದ್ದ ಬೆಳಿಗ್ಗೆ ಆಂಬುಲೆನ್ಸ್ ಕೂಡ ಗಂಟೆ ಬಾರಿಸದೆ ಬಂತು. ಮರಳಿನ ಉತ್ತರದ ತುದಿಯಲ್ಲಿ ಬಾಡಿಗೆಗೆ ಕೊಡುವ ಮರದ ಪುಟ್ಟ ಕೋಣೆಗಳಿಗೆ ಬಣ್ಣ ಹೊಡೆಯುತ್ತಿದ್ದ. ಹೃದಯ ನಿಂತಿತು ಎಂದರು. ಅದರಲ್ಲಿ ದೋಷವಿತ್ತೆಂದು ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಅತಿಥಿಗಳಿಗೆ ಅತ್ತೆ ಹೇಳಿದ್ದು, ಟ್ರೆವರ್ ಕ್ಲೀಥಾರ್ಪ್ಸಿಗೆ ಹೋಗಿದ್ದಾನೆ, ಅಲ್ಲಿನ ಜಾತ್ರೆ ಆಟದ ತೊಟ್ಟಿಲುಗಳಿಗೆ ಬಣ್ಣ ಹೊಡೆಯುವ ಕೆಲಸ ಸಿಕ್ಕಿದೆ ಎಂದು. ಶನಿವಾರ ಬಂದರೆ ಈಗಿನವರು ಹೋಗಿ ಹೊಸಬರು ಬರುತ್ತಾರೆ. ಹೊಸಬರಿಗೆ ಟ್ರೆವರ್ ಎಂಬವನು ಗೊತ್ತೇ ಇರುವುದಿಲ್ಲ. ಅಲ್ಲಿಯವರೆಗೆ ಮಾತ್ರ, ಎಂದಿದ್ದರು ಅತ್ತೆ. ನಾನು ತಲೆಯಾಡಿಸಿದ್ದೆ. ಆಗ ಯಾರು ಏನು ಹೇಳಿದರೂ ತಲೆಯಾಡಿಸುತ್ತಿದ್ದೆ.

ಕಿಟಕಿ ಮೇಜು ಮಿಸ್ಟರ್ ಪಾಲ್‌ಫ್ರಿಯವರದು. ಲೆಸ್ಟರಿನಲ್ಲಿ ಬಸ್ ಓಡಿಸುತ್ತಿದ್ದು ನಿವೃತ್ತರಾದವರು. ನಾನು ಮದುವೆಯಾಗಿ ಬರುವುದಕ್ಕೆ ಎಷ್ಟೋ ಮುಂಚಿನಿಂದ ಪ್ರತಿ ಆಗಸ್ಟಿನಲ್ಲೂ ಇದೇ ಮನೆಗೆ, ಇದೇ ಕೋಣೆಗೆ ಬರುತ್ತಾರೆ. ಮೊದಲು ಹೆಂಡತಿಯೊಂದಿಗೆ ಬರುತ್ತಿದ್ದರು, ಈಚಿನ ವರ್ಷಗಳಲ್ಲಿ ಒಬ್ಬರೇ. ಅವರ ಕಡೆಯವರು ಪ್ರೀತಿಯಿಂದ ಎಲ್ಲರನ್ನೂ ಬಾತುಮರಿ ಎನ್ನುತ್ತಾರೆ, ಪೊಲೀಸಿನವರನ್ನೂ ಬಿಡದೆ.

"ಏನ್ ಬಾತುಮರಿ, ಬಂದನಾ ಆ ಕಳ್ಳ?" ಎಂದರು ನಾನು ತಟ್ಟೆ ಇಡುವಾಗ.

"ಇಲ್ಲ ಮಿಸ್ಟರ್ ಪಾಲ್‌ಫ್ರಿ."

"ನೋಡಿ ಮೇಡಂ," ಎಂದು ಅವರು ಪಕ್ಕದ ಮೇಜಿನ ಅಕ್ಕತಂಗಿಯರ ಕಡೆ ತಿರುಗಿದರು. "ಒಂದು ದಿನಕ್ಕೆ ಅಂತ ಕೇಳ್ದ ನನ್ನ ಫ್ಲಾಸ್ಕನ್ನ. ಅವನ ಫ್ಲಾಸ್ಕಿನ ಒಳಗಾಜು ಒಡೆದಿತ್ತಂತೆ. ಕೊಟ್ಟೆ. ಮಾರನೇ ದಿನ ನೋಡಿದ್ರೆ ಆಸಾಮಿ ಊರಲ್ಲೇ ಇಲ್ಲ. ಹೆಂಡ್ತೀನ ಬಿಟ್ಟು ಫ್ಲಾಸ್ಕ್ ಜೊತೆ ಓಡಿಹೋದ ಗಂಡನ್ನ ನಾನು ಇದೇ ಮೊದಲು ನೋಡ್ತಿರೋದು."

ಅಕ್ಕತಂಗಿಯರು ನಕ್ಕರು. "ಪಾಪ, ಹಾಗನ್ನಬೇಡಿ," ಎಂದರು ದೊಡ್ಡವರು. "ಲಿನೆಟ್ ಮುಖ ನೋಡಿ ಹೇಗಾಗಿದೆ. ಗಂಡ ಇಲ್ದೆ ಸೊರಗಿದಾಳೆ."

"ಚಹಾ ಇನ್ನೊಂದಿಷ್ಟು ತರ್ಲಾ?" ಎಂದೆ.

ಅಡುಗೆಮನೆಗೆ ಬಂದರೆ ಹಿಂಬಾಗಿಲಿನಲ್ಲಿ ಆಲ್ಫ್ ನಿಂತಿದ್ದ. ಮರಳಿನ ಮೇಲೆ ಕತ್ತೆಸವಾರಿ ಮಾಡಿಸುವವನು. ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ. ಇನ್ನೊಂದು ಕೈಯಲ್ಲಿ, ಬಟ್ಟೆಯಲ್ಲಿ ಸುತ್ತಿದ ಒಣದ್ರಾಕ್ಷಿ ಬ್ರೆಡ್ಡು. ಮೇಜಿನ ಮೇಲೆ ಇಂಥವು ಆಗಲೇ ಸಾಲಾಗಿದ್ದವು.

"ನನ್ನ ಹೆಂಡ್ತಿ ಕಳಿಸಿದ್ಳು. ನಿನ್ನೆ ಬರೋಕಾಗ್ಲಿಲ್ಲ ಕಣಮ್ಮ, ಕತ್ತೆಗಳನ್ನ ಬಿಟ್ಟು ಬಂದ್ರೆ ಜನ ಕೇಳ್ತಾರೆ. ಅವನು ಬರೆದ ಹೆಸರುಪಟ್ಟಿ ಇದೆಯಲ್ಲ, ಕತ್ತೆಗಳ ಹಣೆಗೆ ಕಟ್ಟೋದು... ಅದನ್ನ ಬೆಳಿಗ್ಗೆ ಕಟ್ಟುವಾಗ..."

ಅಷ್ಟರಲ್ಲಿ ಒಬ್ಬ ಅತಿಥಿಯ ಪುಟ್ಟ ಮಗಳು ಬಿಸಿನೀರಿನ ಜಗ್ಗು ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದಳು.

"ಕ್ಯಾರೆಟ್!" ಎಂದ ಆಲ್ಫ್ ಗಟ್ಟಿಯಾಗಿ. ಟೋಪಿ ತಲೆಗೇರಿತು. "ಕತ್ತೆಗಳಿಗೆ ಕ್ಯಾರೆಟ್ ಸಿಪ್ಪೆ ಏನಾದ್ರೂ ಇದೆಯಾ ಅಂತ ಕೇಳೋಕೆ ಬಂದೆ, ಎಡ್ನಾ! ನೀನು ಇವತ್ತು ಸವಾರಿಗೆ ಬರ್ತೀಯಾ ಪುಟ್ಟಿ?"

ಹುಡುಗಿ ಬರ್ತೀನಿ ಎಂದಳು. ಅತ್ತೆ ಅವನ ಕೈಗೆ ನಿಜವಾಗಿಯೂ ಸಿಪ್ಪೆ ಕೊಟ್ಟು ಕಳಿಸಿದರು.

ಈ ಊರಿಗೆ ನಾನು ಮೊದಲು ಬಂದದ್ದು ಲೀಡ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯಾಗಿ. ಕಡಲದಂಡೆಯ ಊರುಗಳು ತಮ್ಮನ್ನು ಏನೆಂದು ಕರೆದುಕೊಳ್ಳುತ್ತವೆ ಎಂಬುದು ನನ್ನ ಪ್ರಬಂಧದ ವಿಷಯ. ರೆಸಾರ್ಟ್ ಎಂದರೆ ಇಲ್ಲಿ ಬೇಲಿ ಹಾಕಿದ ಹೋಟೆಲಲ್ಲ, ಇಡೀ ಊರಿಗೆ ಊರೇ ರೆಸಾರ್ಟ್. ಹಳೆಯ ಕೈಪಿಡಿಗಳಲ್ಲಿ ಇವು ನೀರಿನ ಊರುಗಳು. ಕೆಮ್ಮುವವರನ್ನು, ಕೈಕಾಲು ಸೋತವರನ್ನು ವೈದ್ಯರು ಇಲ್ಲಿಗೆ ಕಳಿಸುತ್ತಿದ್ದರು. ಅವರು ಕಡಲಲ್ಲಿ ಮುಳುಗಿ ಏಳುತ್ತಿದ್ದರು, ಅದರ ನೀರನ್ನೇ ಕುಡಿಯುತ್ತಿದ್ದರು. ರೆಸಾರ್ಟ್ ಎಂಬ ಪದ ಆಮೇಲೆ ಬಂತು. ಬೇರೆ ದಾರಿ ಕಾಣದೆ ಒಂದರ ಮೊರೆ ಹೋಗುವುದು, ಮತ್ತೆ ಮತ್ತೆ ಅಲ್ಲಿಗೇ ಹೋಗುವುದು ಎಂಬ ಅರ್ಥ ಅದರಲ್ಲಿತ್ತು. ನಮ್ಮ ಹಳೆಯ ಚರ್ಚಿನ ಅಂಗಳದ ಸಮಾಧಿಕಲ್ಲುಗಳಲ್ಲಿ ಅರ್ಧಕ್ಕರ್ಧ ಹಾಗೆ ಬಂದು ವಾಪಸು ಹೋಗದವರವು. ರೈಲು ಬಂದಮೇಲೆ ಕಾರ್ಖಾನೆಯವರು ಒಂದು ವಾರದ ರಜೆಗೆ ಬರತೊಡಗಿದರು. ಪದಕ್ಕೆ ಬ್ಯಾಂಡು, ಐಸ್‌ಕ್ರೀಮು, ಕತ್ತೆಗಳು ಅಂಟಿಕೊಂಡವು. ಕಾಯಿಲೆಯವರು ಅದರಿಂದ ಉದುರಿಹೋದರು.

ಇದನ್ನೆಲ್ಲ ನಾನು ಪುಸ್ತಕಗಳಿಂದ ತೆಗೆದೆ. ಪುಸ್ತಕದಲ್ಲಿಲ್ಲದ್ದನ್ನು ಹುಡುಕಿಕೊಂಡು ಮಾರ್‌ಥಾರ್ಪಿನಲ್ಲಿ ರೈಲಿನಿಂದ ಇಳಿದೆ. ನಿಲ್ದಾಣದ ಹೊರಗೆ ಒಬ್ಬ ಏಣಿಯ ಮೇಲೆ ನಿಂತು ಸ್ವಾಗತದ ಹಲಗೆಯ ಅಕ್ಷರಗಳಿಗೆ ಕೆಂಪು ತುಂಬುತ್ತಿದ್ದ. ಅವನನ್ನೇ ಕೇಳಿದೆ: ನೀವು ನಿಮ್ಮ ಊರನ್ನ ರೆಸಾರ್ಟ್ ಅಂತೀರಾ?

"ನಾನಾ? ಇಲ್ಲಪ್ಪ," ಎಂದ. "ಹಲಗೆ ಅನ್ನುತ್ತೆ."

"ಮತ್ತೆ ನೀವೇನಂತೀರಿ?"

"ಊರು ಅಂತೀವಿ. ದಂಡೆ ಕಡೆ ಹೋದ್ರೆ ಮುಂದುಗಡೆ ಅಂತೀವಿ." ಸ್ವಲ್ಪ ಹೊತ್ತು ಬಣ್ಣ ಹೊಡೆದು ಮತ್ತೆ ಹೇಳಿದ: "ನಮ್ಮಮ್ಮ ರೆಸಾರ್ಟ್ ಅಂತಾರೆ. ನಾನು ಬಾಯಿ ಮುಚ್ಚಬೇಕು ಅಂದಾಗ."

ಅದನ್ನು ಬರೆದುಕೊಂಡೆ. ಅವನ ಹೆಸರು ಕೇಳಿದೆ. ಪ್ರಬಂಧಕ್ಕೆ ಒಳ್ಳೆಯ ದರ್ಜೆ ಸಿಕ್ಕಿತು.

ಚಹಾದ ಹೂಜಿ ತೆಗೆದುಕೊಂಡು ಮತ್ತೆ ಊಟದ ಕೋಣೆಗೆ ಹೋದಾಗ ಮಿಸ್ಟರ್ ಪಾಲ್‌ಫ್ರಿ ಕರವಸ್ತ್ರ ಮಡಿಸುತ್ತಿದ್ದರು.

"ಒಂದು ಯೋಚನೆ ಬಂತು ಬಾತುಮರಿ. ಇವತ್ತು ನಾನೇ ಕ್ಲೀಥಾರ್ಪ್ಸಿಗೆ ಹೋಗಿ ಬರ್ತೀನಿ."

ನಾನು ಚಹಾದ ಹೂಜಿಯನ್ನು ಮೇಜಿನ ಮೇಲಿಟ್ಟೆ.

"ಚರ್ಚಿನ ಹತ್ರದಿಂದ ಬಸ್ಸಿದೆ. ಮಧ್ಯೆ ಒಂದು ಬದಲಾಯಿಸಬೇಕು, ಅಷ್ಟೇ. ಜಾತ್ರೆ ಆಟ ಇರೋ ಜಾಗ ಹುಡುಕೋದೇನು ಕಷ್ಟ? ಬಣ್ಣದ ಡಬ್ಬಿ ಹಿಡ್ಕೊಂಡಿರೋ ಉದ್ದ ಮನುಷ್ಯ ಎಲ್ಲಿದಾನೆ ಅಂದ್ರೆ ಯಾರಾದ್ರೂ ತೋರಿಸ್ತಾರೆ. ಫ್ಲಾಸ್ಕೂ ಬಂತು, ಅವನನ್ನ ಎರಡು ಬೈದ ಹಾಗೂ ಆಯ್ತು. ಒಂದು ಸ್ಯಾಂಡ್‌ವಿಚ್ ಕಟ್ಟಿಕೊಡ್ತೀಯಾ? ಎರಡು ಕಟ್ಟು. ಅವನಿಗೂ ಇರ್ಲಿ. ಹೊರಗಿನ ಊಟ ಅವನಿಗೆ ಆಗಲ್ಲ."

ನನ್ನ ಹಿಂದೆ ಅತ್ತೆಯ ಧ್ವನಿ ಕೇಳಿತು. ಅವರು ಬಂದು ನಿಂತದ್ದು ನನಗೆ ಗೊತ್ತಾಗಿರಲಿಲ್ಲ. "ಅಯ್ಯೋ, ಸುಮ್ನೆ ಸುತ್ತಾಡ್ಬೇಡಿ. ಅವನೀಗ ಅಲ್ಲಿಲ್ಲ. ಬ್ರಿಡ್ಲಿಂಗ್ಟನ್ನಿಗೆ ಹೋದನಂತೆ."

"ಅಲ್ಲಿಗೂ ಬಸ್ಸಿದೆ ಎಡ್ನಾ," ಎಂದರು ಮಿಸ್ಟರ್ ಪಾಲ್‌ಫ್ರಿ, ಖುಷಿಯಿಂದ. "ಹಂಬರ್ ನದಿ ದೋಣೀಲಿ ದಾಟಿ, ಹಲ್‌ನಲ್ಲಿ ಹತ್ತಬೇಕು. ದೂರ ಆಗುತ್ತೆ, ಆದ್ರೆ ಸಂಜೆ ಊಟಕ್ಕೆ ಬಂದ್ಬಿಡ್ತೀನಿ. ಯಾವ ರಸ್ತೇಲಿದಾನೆ?"

"ಕೇಳಿ ಹೇಳ್ತೀನಿ," ಎಂದು ಅತ್ತೆ ನನ್ನ ಮೊಣಕೈ ಹಿಡಿದು ಅಡುಗೆಮನೆಗೆ ಕರೆತಂದರು. ಬಾಗಿಲು ಎಳೆದುಕೊಂಡರು.

"ನಾನು ಹೇಳ್ಬಿಡ್ತೀನಿ," ಎಂದೆ.

"ಏನು ಹೇಳ್ತೀಯ?"

"ಅವನು ಸತ್ತ ಅಂತ."

ಆ ಮಾತನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಆಸ್ಪತ್ರೆಯಲ್ಲಿ ಬೇರೆಯವರು ಹೇಳಿದ್ದರು. ಚರ್ಚಿನಲ್ಲಿ ಪಾದ್ರಿ ಹೇಳಿದ್ದರು.

"ಶನಿವಾರ ಬರ್ಲಿ," ಎಂದರು ಅತ್ತೆ. "ಅವರು ಬ್ಯಾಗ್ ಹಿಡ್ಕೊಂಡು ಹೊರಡುವಾಗ ಪಕ್ಕಕ್ಕೆ ಕರೆದು ಹೇಳು. ಈಗ ಹೇಳಿದ್ರೆ ಆ ಅಕ್ಕತಂಗಿ ತಿಂಡಿ ಬಿಟ್ಟು ಎದ್ದು ಹೋಗ್ತಾರೆ. ಮಕ್ಕಳು ಹೆದರ್ಕೊಳ್ತಾರೆ. ಸಾವಿನ ಮನೇಲಿ ಯಾರು ರಜೆ ಕಳೀತಾರೆ? ವರ್ಷ ಪೂರ್ತಿ ಮಗ್ಗದ ಮುಂದೆ ನಿಂತು ಬಂದಿರೋರು ಅವರು."

"ಬಸ್ ಹತ್ತಿ ಹೊರಟಿದಾರಲ್ಲ ಎಡ್ನಾ."

"ಹತ್ಲಿ. ಸಿಗ್ಲಿಲ್ಲ ಅಂತ ವಾಪಸ್ ಬರ್ತಾರೆ. ಬಸ್ಸಲ್ಲಿ ಕೂರೋದೇ ಅವರಿಗೆ ಖುಷಿ."

"ನಿಮ್ಮ ಮಗ ಅವನು."

ಅತ್ತೆ ಬಾಣಲೆ ಎತ್ತಿ ತೊಟ್ಟಿಗೆ ಹಾಕಿದರು. ನಲ್ಲಿ ತಿರುಗಿಸಿದರು. ಬಿಸಿ ಬಾಣಲೆ ಚುಂಯ್ ಎಂದಿತು.

"ಹ್ಯಾರಿ ಹೋಗಿದ್ದೂ ಹೀಗೇ, ತುಂಬಿದ ಮನೇಲಿ," ಎಂದರು ನನ್ನ ಕಡೆ ತಿರುಗದೆ. ಹ್ಯಾರಿ ಟ್ರೆವರನ ತಂದೆ. "ಈ ಹಿಂದಿನ ಕೋಣೇಲೇ ಮಲಗಿಸಿದ್ವಿ. ನಾನು ಇಲ್ಲಿ ಮೊಟ್ಟೆ ಹುರೀತಿದ್ದೆ. ಒಬ್ಬರಿಗೂ ಗೊತ್ತಾಗ್ಲಿಲ್ಲ. ಆ ಅಕ್ಕತಂಗಿಗೆ ಇವತ್ತಿಗೂ ಗೊತ್ತಿಲ್ಲ. ಪ್ರತಿ ಕ್ರಿಸ್ಮಸ್‌ಗೂ ಕಾರ್ಡು ಕಳಿಸ್ತಾರೆ, ಎಡ್ನಾ ಮತ್ತು ಹ್ಯಾರಿಗೆ ಅಂತ. ಬೇಸಿಗೇಲಿ ಬಂದಾಗ ಕೇಳ್ತಾರೆ. ಮೀನು ಹಿಡಿಯೋಕೆ ಹೋಗಿದಾರೆ ಅಂತೀನಿ."

"ನೀವು ಉತ್ತರ ಬರೀತೀರಾ? ಕಾರ್ಡಿಗೆ?"

"ಬರೀದೆ ಇರೋಕಾಗುತ್ತಾ?"

"ಏನಂತ?"

ನೀರು ಸುರಿಯುತ್ತಲೇ ಇತ್ತು. "ಎಡ್ನಾ ಮತ್ತು ಹ್ಯಾರಿ ಅಂತ," ಎಂದರು.

ನಾನು ಅವರ ಬೆನ್ನು ನೋಡಿದೆ. ಏಪ್ರನ್ನಿನ ಗಂಟು ಅಚ್ಚುಕಟ್ಟಾಗಿತ್ತು. ಮುಂದಿನ ಆಗಸ್ಟ್ ಕಣ್ಣಿಗೆ ಬಂತು, ಅದರ ಮುಂದಿನದೂ. ಮಿಸ್ಟರ್ ಪಾಲ್‌ಫ್ರಿ ಕಿಟಕಿ ಮೇಜಿನಲ್ಲಿ ಕೂತು ಬಂದನಾ ಕಳ್ಳ ಎಂದು ಕೇಳುತ್ತಾರೆ, ನಾನು ಬ್ರಿಡ್ಲಿಂಗ್ಟನ್ ಎನ್ನುತ್ತೇನೆ. ಟ್ರೆವರ್ ಎಲ್ಲೋ ಬಣ್ಣ ಹೊಡೆಯುತ್ತಲೇ ಇರುತ್ತಾನೆ. ನನ್ನ ಕೂದಲು ಬೆಳ್ಳಗಾಗುತ್ತದೆ, ಅವನ ಕೆಲಸ ಮುಗಿಯುವುದಿಲ್ಲ. ಅವನಿಗೆ ಸಾಯಲೂ ಬಿಡುವು ಸಿಗುವುದಿಲ್ಲ.

"ನನ್ನ ಕೈಲಿ ಆಗಲ್ಲ ಎಡ್ನಾ," ಎಂದೆ.

ಅತ್ತೆ ತಿರುಗಿದರು. ಅವರ ಕಣ್ಣು ಒಣಗಿತ್ತು. "ಇದು ರೆಸಾರ್ಟ್ ಕಣೇ," ಎಂದರು. ಏಣಿಯ ಮೇಲಿಂದ ಟ್ರೆವರ್ ಹೇಳಿದ್ದು ಈ ಧ್ವನಿಯ ಬಗ್ಗೆಯೇ ಇರಬೇಕು. ನಾನು ಅದನ್ನು ಕೇಳಿದ್ದು ಅದೇ ಮೊದಲು.

ನಾನು ಹಿಂದಿನ ಕೋಣೆಗೆ ಹೋದೆ. ಬೀರುವಿನ ತಳದಲ್ಲಿ ಆಸ್ಪತ್ರೆಯವರು ಕೊಟ್ಟ ಚೀಲವಿತ್ತು. ಇಷ್ಟು ದಿನ ಅದನ್ನು ಬಿಚ್ಚಿರಲಿಲ್ಲ. ಬಿಚ್ಚಿದೆ. ಬಣ್ಣದ ಕಲೆಯ ಪ್ಯಾಂಟು, ಬೂಟು, ಗಡಿಯಾರ. ಅಂಗಿಯನ್ನು ಕತ್ತರಿಸಿದ್ದರು. ಎಲ್ಲದರ ಕೆಳಗೆ ಕೆಂಪು ಚೌಕಳಿಯ ಫ್ಲಾಸ್ಕು. ಹೊರಗೆ ತೆಗೆದಾಗ ಒಳಗೆ ಏನೋ ಕುಲುಕಿತು.

ಅರ್ಧದಷ್ಟು ಇತ್ತು. ಆ ಬೆಳಿಗ್ಗೆ ಚಹಾ ಕುದಿಸಿದ್ದು ನಾನು, ಹಾಲು ಸಕ್ಕರೆ ಹಾಕಿ ಫ್ಲಾಸ್ಕಿಗೆ ತುಂಬಿಕೊಂಡಿದ್ದು ಅವನು. ಒಂದು ಲೋಟ ಕುಡಿದಿದ್ದ. ಇನ್ನೊಂದನ್ನು ಆಮೇಲೆ ಕುಡಿಯೋಣ ಎಂದು ಮುಚ್ಚಳ ಬಿಗಿದಿದ್ದ.

ತೊಳೆದು ಕೊಡಬೇಕು. ಬೇರೆಯವರ ಪಾತ್ರೆಯನ್ನು ಎಂಜಲು ಸಹಿತ ಯಾರೂ ಹಿಂತಿರುಗಿಸುವುದಿಲ್ಲ. ಮುಚ್ಚಳದ ಮೇಲೆ ಕೈಯಿಟ್ಟೆ. ಅವನು ಬಿಗಿದದ್ದು ಬಲವಾಗಿತ್ತು. ನಾನು ಜೋರು ಹಾಕಲಿಲ್ಲ.

ಮುಂಬಾಗಿಲ ಬಳಿ ಮಿಸ್ಟರ್ ಪಾಲ್‌ಫ್ರಿ ಮಳೆಯಂಗಿ ತೊಟ್ಟು ಟೋಪಿ ಸರಿಮಾಡಿಕೊಳ್ಳುತ್ತಿದ್ದರು. ಊಟದ ಕೋಣೆಯ ಬಾಗಿಲು ತೆರೆದಿತ್ತು. ನಾನು ಫ್ಲಾಸ್ಕನ್ನು ಏಪ್ರನ್ನಿನ ಹಿಂದೆ ಹಿಡಿದಿದ್ದೆ.

"ಸ್ಯಾಂಡ್‌ವಿಚ್ ಆಯ್ತಾ ಬಾತುಮರಿ? ಬಸ್ಸಿಗೆ ಹೊತ್ತಾಯ್ತು."

"ಟ್ರೆವರ್ ಬ್ರಿಡ್ಲಿಂಗ್ಟನ್ನಲ್ಲಿ ಇಲ್ಲ."

"ಮತ್ತೆಲ್ಲಿಗೆ ಹಾರಿದ?"

"ಸತ್ತುಹೋದ. ನಿಮ್ಮ ಫ್ಲಾಸ್ಕ್ ತಗೊಂಡು ಹೋದನಲ್ಲ, ಅವತ್ತೇ ಬೆಳಿಗ್ಗೆ. ನಿನ್ನೆ ಮಣ್ಣು ಮಾಡಿದ್ವಿ."

ಊಟದ ಕೋಣೆಯಲ್ಲಿ ಅಕ್ಕತಂಗಿಯರ ಪೈಕಿ ದೊಡ್ಡವರು, "ಓ," ಎಂದರು.

ಮಿಸ್ಟರ್ ಪಾಲ್‌ಫ್ರಿ ಟೋಪಿ ತೆಗೆದರು. ಅವರ ಮುಖ ನಿಧಾನವಾಗಿ ಕೆಂಪಾಯಿತು. ಅಳುತ್ತಾರೆ ಎಂದುಕೊಂಡೆ. ಅಲ್ಲ, ಸಿಟ್ಟು.

"ನಿನ್ನೆ," ಎಂದರು. "ನಿನ್ನೆ ನೀವು ಬುತ್ತಿ ಕಟ್ಟಿ ನಮ್ಮನ್ನೆಲ್ಲ ಮರಳಿಗೆ ಅಟ್ಟಿದ್ರಿ. ಅಡುಗೆಮನೆಗೆ ಸುಣ್ಣ ಹೊಡೀತಿದಾರೆ ಅಂದ್ರಿ. ನಾನಲ್ಲಿ ಐಸ್‌ಕ್ರೀಮ್ ತಿಂತಿದ್ದೆ."

"ಹೌದು."

"ದಿನಾ ಬೆಳಿಗ್ಗೆ ನಾನು ಆಡಿದ ಮಾತು... ಕಳ್ಳ ಅಂದೆ. ಓಡಿಹೋದ ಅಂದೆ. ನೀನು ನಿಂತು ಕೇಳಿಸ್ಕೊಂಡೆ. ನನ್ನ ಬಾಯಿಂದ ಅದನ್ನೆಲ್ಲ ಆಡಿಸಿದ್ರಲ್ಲಮ್ಮ ನೀವು."

"ಹೇಳಬಾರದು ಅಂತ ಇತ್ತು."

"ಯಾರಿಗೆ? ನನಗಾ? ಆ ಹುಡುಗನಿಗೆ ಬಕೆಟ್ಟಲ್ಲಿ ಮರಳಿನ ಮನೆ ಕಟ್ಟೋದು ಹೇಳಿಕೊಟ್ಟವನು ನಾನು!" ಅವರ ಧ್ವನಿ ಮೇಲಿನ ಕೋಣೆಗಳವರೆಗೂ ಹೋಗಿರಬೇಕು. "ನನ್ನ ಐವಿ ಸತ್ತ ವರ್ಷ ನಾನೆಲ್ಲಿಗೆ ಬಂದೆ? ಎಲ್ಲಿಗೆ ಹೋಗ್ಲಿ ಅಂತ ತಿಳೀದೆ ಇಲ್ಲಿಗೇ ಬಂದೆ. ಐವಿ ಅವಳ ತಂಗಿ ಮನೇಲಿದಾಳೆ ಅಂತ ನಿಮ್ಮತ್ತೆಗೆ ಹೇಳಿದ್ದೆ. ಬೇರೆಯವರ ರಜೆ ಯಾಕೆ ಹಾಳು ಮಾಡೋದು ಅಂತ. ಟ್ರೆವರ್ ಒಬ್ಬನಿಗೇ ಹೇಳಿದ್ದು. ಅವನು ಬಣ್ಣದ ಡಬ್ಬಿ ಮುಚ್ಚಿ ಬಂದು ನನ್ನ ಪಕ್ಕ ಕೂತ. ಮಧ್ಯಾಹ್ನದವರೆಗೂ ಕೂತ. ನಿನಗೆ ಹೇಳಿರ್ಲಿಲ್ವಾ?"

"ಇಲ್ಲ."

"ಹೇಳಲ್ಲ. ಅವನು ಹೇಳೋನಲ್ಲ."

ಅಡುಗೆಮನೆಯ ಬಾಗಿಲಿನಲ್ಲಿ ಅತ್ತೆ ನಿಂತಿದ್ದರು. ಅವರ ಕೈಯಲ್ಲಿ ಒದ್ದೆ ಬಾಣಲೆ ಇತ್ತು, ನೆಲದ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಏನಾದರೂ ಹೇಳಿ ಸರಿಪಡಿಸುತ್ತಾರೆ ಎಂದು ಕಾದೆ. ಅವರು ನನ್ನನ್ನು ದಾಟಿ, ಮಿಸ್ಟರ್ ಪಾಲ್‌ಫ್ರಿಯವರನ್ನು ದಾಟಿ, ಊಟದ ಕೋಣೆಗೆ ಹೋದರು. ಕಿಟಕಿ ಮೇಜಿನ ಕುರ್ಚಿ ಎಳೆದು ಕೂತರು. ಬಾಣಲೆಯನ್ನು ಬಿಳಿ ಮೇಜುಬಟ್ಟೆಯ ಮೇಲಿಟ್ಟರು.

"ಹ್ಯಾರಿ ಕೂಡ," ಎಂದರು ಅಕ್ಕತಂಗಿಯರಿಗೆ. ಅಷ್ಟೇ ಹೇಳಿದರು.

ಅವರಲ್ಲಿ ಚಿಕ್ಕವರು ಎದ್ದರು. ಹೊರಟರು ಎಂದುಕೊಂಡೆ. ಎದ್ದವರು ಅತ್ತೆಯ ಮುಂದೆ ಬೋರಲಾಗಿದ್ದ ಬಟ್ಟಲನ್ನು ನೇರ ಮಾಡಿ, ಅದಕ್ಕೆ ಚಹಾ ಬಗ್ಗಿಸಿದರು. ಅದನ್ನು ಅತ್ತೆ ಕುಡಿದರೋ ಇಲ್ಲವೋ ನಾನು ನೋಡಲಿಲ್ಲ. ಮೆಟ್ಟಿಲ ಮೇಲೆ ಆಗಲೇ ಯಾರೋ ಮಕ್ಕಳನ್ನು ಕರೆದು ಪೆಟ್ಟಿಗೆ ಕಟ್ಟಿಕೊಳ್ಳಲು ಹೇಳುತ್ತಿದ್ದರು.

ನಾನು ಏಪ್ರನ್ನಿನ ಹಿಂದಿನಿಂದ ಫ್ಲಾಸ್ಕನ್ನು ತೆಗೆದೆ.

"ಇದು ನಿಮ್ಮದು," ಎಂದೆ. "ತೊಳೆದಿಲ್ಲ. ಒಳಗೆ ಅವನ ಚಹಾ ಇನ್ನೂ ಇದೆ. ತೆಗೆಯೋಕಾಗ್ಲಿಲ್ಲ."

ಮಿಸ್ಟರ್ ಪಾಲ್‌ಫ್ರಿ ಟೋಪಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಎರಡೂ ಕೈಯಿಂದ ಅದನ್ನು ತೆಗೆದುಕೊಂಡರು. ಅದು ಮತ್ತೆ ಕುಲುಕಿತು. ಅವರಿಗೂ ಕೇಳಿಸಿತು.

"ಇರ್ಲಿ," ಎಂದರು. "ನಾನು ತೊಳ್ಕೋತೀನಿ."